ಉಪವಾಸ ಕೆಡವಿದ ಪಾಚಿ

ಸೇಡಂನ ಬೀರೇಶನ ಮನೆಯ ಗಾಜಿನ ತೊಟ್ಟಿಯಲ್ಲಿದ್ದ ಬಂಗಾರದ ಮೀನುಗಳು ಬಿಳಿಚಿಕೊಂಡದ್ದೇ ಈ ರಾದ್ಧಾಂತಕ್ಕೆಲ್ಲ ಮೂಲ. ತಂದಾಗ ಕಿತ್ತಳೆ ಹಣ್ಣಿನಂತಿದ್ದವು ನೋಡನೋಡುತ್ತ ಅನ್ನದ ಬಣ್ಣಕ್ಕೆ ತಿರುಗಿದವು. ಮೀನು ಮಾರಿದ ಶಹಾಬಾದಿನ ಖಾಜಾನನ್ನು ಹೋಗಿ ಕೇಳಿದರೆ ಅವನು ಬೇರೆ ಮೀನು ಕೊಡಲಿಲ್ಲ, ಒಂದು ಶೀಶೆ ಹಸಿರು ನೀರು ಕೊಟ್ಟ. ಅದರಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ಇದೆಯಂತೆ. ಸುಖವಾಗಿರುವಷ್ಟು ದಿನ ಹಸಿರು, ಬಿಸಿಲಿಗಿಟ್ಟು ಉಪವಾಸ ಕೆಡವಿದರೆ ಕೆಂಪು. ಆ ಕೆಂಪು ತಿಂದ ಮೀನೂ ಕೆಂಪಾಗುತ್ತದಂತೆ.

ಬೀರೇಶ ಸಹಕಾರಿ ಸಂಘವೊಂದರ ಗುಮಾಸ್ತ, ಹುಟ್ಟಾ ಮೆತ್ತಗಿನ ಮನುಷ್ಯ. ಮಾಳಿಗೆಯ ಪರಸಿ ಹಾಸುಗಲ್ಲಿನ ಮೇಲೆ ಉಪ್ಪಿನಕಾಯಿಯ ಗಾಜಿನ ಬರಣಿಗಳನ್ನು ಸಾಲಾಗಿಟ್ಟು, ಗೊಬ್ಬರದ ನೀರು ಕುಡಿಸಿ, ಹಳೆ ಸೀರೆಯ ನೆರಳು ಕಟ್ಟಿ ಪಾಚಿಯನ್ನು ಬೆಳೆಸಿದ. ಬೆಳೆಸುವುದೇನೋ ಸಲೀಸಾಯಿತು, ಉಪವಾಸ ಕೆಡವಲು ಕೈ ಬರಲಿಲ್ಲ. ಇವತ್ತು ನಾಳೆ ಎನ್ನುತ್ತ ಬೇಸಿಗೆ ಬಂತು. ಬೇಸಿಗೆ ಬಂತೆಂದರೆ ಸಂಡಿಗೆ ಒಣಗಿಸಲು ಮಾಳಿಗೆ ಬೇಕು. ಹೆಂಡತಿ ಭುವನೇಶ್ವರಿ ಗಡುವು ಕೊಟ್ಟಳು.

“ಐತವಾರ ಸಂಜಿತನಕ ನೋಡ್ತೀನ್ರಿ. ನಿಮ್ಮ ನೀರು ಕೆಂಪಾದ್ರ ಮಾಳಗಿ ನಿಮ್ದು. ಆಗ್ಲಿಲ್ಲಂದ್ರ ಸೋಮಾರ ಮುಂಜಾನಿ ನನ್ನ ಸಂಡಗಿ ಮ್ಯಾಲ ಹತ್ತತಾವ.”

ಆ ಮನೆಯಲ್ಲಿ ಬಿಸಿಲು ಬೀಳುವ ಬೇರೆ ಜಾಗವೇ ಇರಲಿಲ್ಲ. ಬೀರೇಶ ಎದೆ ಗಟ್ಟಿ ಮಾಡಿಕೊಂಡು ಗೊಬ್ಬರ ನಿಲ್ಲಿಸಿದ, ಸೀರೆ ಬಿಚ್ಚಿದ. ಪಾಚಿ ಉಪವಾಸ ಬಿದ್ದ ಮೊದಲ ದಿನ ಅವನೂ ರೊಟ್ಟಿ ಮುಟ್ಟಲಿಲ್ಲ.

ಗಡುವಿನ ಭಾನುವಾರ ಬೆಳಿಗ್ಗೆ ಹತ್ತಿ ನೋಡಿದರೆ ನೀರಿನ ಅಂಚಿನಲ್ಲಿ ಸಣ್ಣಗೆ ಕೆಂಪು ಕಂಡಿತು. ಬೀರೇಶನಿಗೆ ಕುಣಿಯುವಂತಾಯಿತು. ಆದರೆ ಇದು ಅಸಲಿ ಕೆಂಪೋ, ಕೊಳೆತು ಬಂದ ಬಣ್ಣವೋ? ಕೆಂಪು ಕಂಡಲ್ಲಿಂದ ಒಂದಿಷ್ಟು ಬಳಿದು ಸಣ್ಣ ಶೀಶೆಗೆ ತುಂಬಿಕೊಂಡು ಖಾಜಾನಿಗೆ ತೋರಿಸಲು ಹೊರಟ. ಹೊರಡುವ ಮೊದಲು, ಪಕ್ಕದ ಮಾಳಿಗೆಯಲ್ಲಿ ಮೆಣಸಿನಕಾಯಿ ಹರವುತ್ತಿದ್ದ ಪೀರಮ್ಮನಿಗೆ ಬರಣಿಗಳನ್ನು ಒಪ್ಪಿಸಿದ.

“ಅತ್ತಿ, ಯಾರಿಗೂ ಮುಟ್ಟಗೊಡಬ್ಯಾಡ್ರಿ. ಅದರಾಗ ಜೀವ ಅದಾವ. ಉಪಾಸ ಕೆಡವೀನಿ, ಇವತ್ತೊಂದಿನ ಬಿಸಲಾಗ ತ್ರಾಸ ಪಡ್ಲಿ.”

ಆಡಬಾರದ ಮಾತೆಂದರೆ ಅದೇ. ಪೀರಮ್ಮ ಬೀದಿನಾಯಿಗೆ ರೊಟ್ಟಿ ಹಾಕದೆ ತಾನು ಉಂಡವಳಲ್ಲ.

ಶಹಾಬಾದಿನಲ್ಲಿ ಖಾಜಾ ಶೀಶೆಯನ್ನು ಬೆಳಕಿಗೆ ಹಿಡಿದು ತಲೆಯಾಡಿಸಿದ. “ಅಸಲಿ ಮಾಲ್ ಅದ ಭಾಯ್. ಸಂಜಿತನಕ ಹಂಗೇ ಇರ್ಲಿ. ಒಂದ್ ಹನಿ ನೀರು ಸೈತ ಹಾಕಬ್ಯಾಡ್ರಿ.”

ಬೀರೇಶ ಶೀಶೆಯನ್ನು ಅಂಗಿಯ ಜೇಬಿಗಿಳಿಸಿ, ವಾಡಿಯಲ್ಲಿ ರೈಲು ಬದಲಿಸುವಾಗ ಖುಷಿಗೆ ಮಿರ್ಚಿ ಭಜಿ ತಿಂದ. ಚಿತ್ತಾಪುರ ಬರುವಷ್ಟರಲ್ಲಿ ಭುವನೇಶ್ವರಿಯ ಫೋನು. ಓಣಿಯ ಮಂದಿಯೆಲ್ಲ ನಮ್ಮ ಮಾಳಿಗೆ ಮೇಲೆ ಇದ್ದಾರೆ, ಪಾಪ ನಿಮ್ಮ ಪಾಚಿಗೆ ಭಾಳ ಆರೈಕೆ ಮಾಡುತ್ತಿದ್ದಾರೆ, ಎಲ್ಲರಿಗೂ ಚಹಾ ಇಟ್ಟಿದ್ದೇನೆ ಎಂದಳು. ಬೀರೇಶ ಬೇಡ ಬೇಡ ಎನ್ನುವಷ್ಟರಲ್ಲಿ ಚಹಾ ಉಕ್ಕಿತೆಂದು ಫೋನಿಟ್ಟಳು. ಆಮೇಲೆ ರೈಲು ಸಿಗ್ನಲ್ಲಿಗೆಂದು ಹೊಲದ ನಡುವೆ ನಿಂತಿತು. ಇಳಿದು ಓಡೋಣವೆಂದು ಬಾಗಿಲತನಕ ಹೋದವನನ್ನು ಯಾರೋ ಪುಣ್ಯಾತ್ಮರು ಹಿಡಿದು ಕೂರಿಸಿದರು.

ಮನೆಗೆ ಬಂದು ಮೆಟ್ಟಿಲು ಹತ್ತಿದರೆ ಮಾಳಿಗೆ ಮದುವೆ ಮನೆಯಾಗಿತ್ತು. ಮೇಲೆ ಶಾಮಿಯಾನದ ಬಟ್ಟೆ ಕಟ್ಟಿದ್ದರು. ಪೀರಮ್ಮ ಮಣ್ಣಿನ ಮಡಕೆಯ ತಣ್ಣೀರನ್ನು ಬರಣಿಗಳ ಬಾಯಿತನಕ ತುಂಬಿದ್ದಳು. ಗೊಬ್ಬರದ ಅಂಗಡಿಯ ಭಾಗಣ್ಣ ಯೂರಿಯಾ ತಂದು ಬಿಟ್ಟಿ ಸುರಿದು, ಜೋಳದ ದಂಟಿನಿಂದ ಚೆನ್ನಾಗಿ ಕಲಸಿದ್ದ. ಯಾರೋ ಒಂದು ಊದುಬತ್ತಿಯನ್ನೂ ಹಚ್ಚಿದ್ದರು. ಕೆಂಪಿನ ಸುಳಿವೇ ಇರಲಿಲ್ಲ. ಬರಣಿಗಳು ಹಸಿರು ಹಸಿರಾಗಿ ನಗುತ್ತಿದ್ದವು.

ಬೀರೇಶ ತಲೆ ಮೇಲೆ ಕೈ ಹೊತ್ತು ಕುಳಿತ. ಪೀರಮ್ಮ ಹತ್ತಿರ ಬಂದು ಬೆನ್ನು ಸವರಿದಳು.

“ಸಿಟ್ಟಿಗೇಳಬ್ಯಾಡ ನನ್ನಪ್ಪ. ತಪ್ಪು ಮಾಡಿದ ಮಕ್ಕಳಿಗೂ ಒಂದ್ಹೊತ್ತು ಊಟಕ್ಕ ಹಾಕ್ತೀವಿ. ಇವು ಏನ್ ತಪ್ಪು ಮಾಡ್ಯಾವ?”

ಇಷ್ಟು ಒಳ್ಳೆಯ ಮಂದಿಯನ್ನು ಬಯ್ಯುವುದು ಹೇಗೆ? ಬೀರೇಶ ಅವರೊಂದಿಗೇ ಕುಳಿತು ಚಹಾ ಕುಡಿದ.

ಎಲ್ಲರೂ ಇಳಿದು ಹೋದ ಮೇಲೆ ಕರವಸ್ತ್ರಕ್ಕೆಂದು ಜೇಬಿಗೆ ಕೈ ಹಾಕಿದರೆ ಸಣ್ಣ ಶೀಶೆ ಸಿಕ್ಕಿತು. ಹೊರಗೆ ತೆಗೆದ. ದಿನವಿಡೀ ಊಟ ನೀರು ಕಾಣದ ಆ ಪಾಚಿ ಕೆಂಪಾಗಿಯೇ ಇತ್ತು. ಬೀರೇಶ ಎರಡೆರಡು ಮೆಟ್ಟಿಲು ಹಾರಿ ಇಳಿದು ಹೆಂಡತಿಯ ಮುಂದೆ ಹಿಡಿದ. ಭುವನೇಶ್ವರಿ ಅದನ್ನು ಕಿಟಕಿಯ ಬೆಳಕಿನಲ್ಲಿ ತಿರುಗಿಸಿ ತಿರುಗಿಸಿ ನೋಡಿದಳು. ಹೌದು, ಕೆಂಪಾಗಿದೆ, ಮಾಳಿಗೆ ನಿಮ್ಮದೇ ಎಂದು ಒಪ್ಪಿದಳು. ಸೋತವಳ ಮುಖದಲ್ಲಿ ಅಷ್ಟು ನಗು ಯಾಕೆಂದು ಅವನಿಗೆ ಆಗಲೇ ಅನುಮಾನ ಬರಬೇಕಿತ್ತು.

ಅವನು ಶೀಶೆ ಹಿಡಿದು ಮೀನಿನ ತೊಟ್ಟಿಯ ಕಡೆ ಓಡಿದ. ಬಿಳಿಚಿದ ಆ ಮುಖಗಳನ್ನು ನೋಡಲಾರದೆ ತೊಟ್ಟಿಯನ್ನು ಎಂದೋ ಅಡುಗೆಮನೆಯ ಮೂಲೆಗೆ ಸರಿಸಿ, ಮೇಲೊಂದು ಟವೆಲ್ ಹೊದಿಸಿ, ಕಾಳು ಹಾಕುವುದನ್ನು ಹೆಂಡತಿಗೆ ವಹಿಸಿದ್ದ. ಈಗ ಟವೆಲ್ ಎಳೆದ.

ಒಳಗೆ ಮೀನುಗಳು ಕೆಂಡದಂತೆ ಹೊಳೆಯುತ್ತ ಈಜಾಡುತ್ತಿದ್ದವು.

“ನೀವು ಪಾಚಿ ಹಿಂದ ಬಿದ್ರಿ, ಇವಕ್ಕ ಯಾರ ನೋಡ್ಬೇಕು? ದಿನಾ ಒಂದಿಷ್ಟು ಗಜ್ಜರಿ ಕುದಿಸಿ ಹಿಚುಕಿ ಹಾಕ್ದೆ,” ಎಂದಳು ಭುವನೇಶ್ವರಿ, ಬುಟ್ಟಿಯಲ್ಲಿದ್ದ ಕ್ಯಾರೆಟ್ ತೋರಿಸುತ್ತ. “ಭಾಳ ದಿನ ಆತು ಕೆಂಪಾಗಿ.”

ಬೀರೇಶ ಒಮ್ಮೆ ಶೀಶೆ ನೋಡಿದ, ಒಮ್ಮೆ ಮೀನು ನೋಡಿದ. ಕೊನೆಗೆ, ಹಾಗಾದರೆ ನನಗೆ ಮಾಳಿಗೆ ಯಾತಕ್ಕೆ ಎಂದು ಸಣ್ಣ ದನಿಯಲ್ಲಿ ಕೇಳಿದ.

“ಕೊಟ್ಟ ಮಾತಿಗೆ ನಾ ತಪ್ಪಂಗಿಲ್ರಿ. ಮಾಳಗಿ ನಿಮ್ದೇ,” ಎಂದು ಅವಳು ಬಾಗಿಲ ಹಿಂದಿನ ಕೋಲು ತೆಗೆದು ಅವನ ಕೈಗಿತ್ತಳು. “ನಾಳಿಂದ ನಿಮ್ಮ ಮಾಳಗಿ ಮ್ಯಾಲ ಕುಂತು, ನನ್ನ ಸಂಡಗಿಗೆ ಬರೋ ಕಾಗಿ ಹೊಡೀರಿ.”