ನಾಯಿಗಳು ನನ್ನನ್ನು ಕೂರಲು ಬಿಡುವುದಿಲ್ಲ

ಗುಂಡ್ಲುಪೇಟೆಯ ಹೊರಗೆ, ಹೆದ್ದಾರಿ ಪಕ್ಕದಲ್ಲಿ, ಬೀದಿನಾಯಿಗಳಿಗೊಂದು ಆಶ್ರಯ ಮಾಡಿದ ಮೇಲೆ ನಾನು ನೆಮ್ಮದಿಯಾಗಿ ಕೂತು ಒಂದು ಲೋಟ ಕಾಫಿ ಮುಗಿಸಿದ್ದಿಲ್ಲ. ಕೂತೆ ಅನ್ನುವಷ್ಟರಲ್ಲಿ ಯಾವುದೋ ನಾಯಿ ಕೆಮ್ಮುತ್ತದೆ, ಇಲ್ಲ ಫೋನು ಬಡಿದುಕೊಳ್ಳುತ್ತದೆ. ಪೇಟೆಯಲ್ಲಿ ನನ್ನದೊಂದು ಟೈಲರಿಂಗ್ ಅಂಗಡಿಯಿದೆ. ಅಲ್ಲಿ ಹೊಲಿದ ಬ್ಲೌಸುಗಳೆಲ್ಲ ಕೊನೆಗೆ ಅಕ್ಕಿನುಚ್ಚು, ಕೋಳಿಕಾಲು, ಇಂಜೆಕ್ಷನ್ನು ಆಗಿಬಿಡುತ್ತವೆ. "ಊರಿನ ಹೆಂಗಸ್ರೆಲ್ಲ ಸೇರಿ ನಾಯಿ ಸಾಕ್ತಾವ್ರೆ, ಅವ್ರಿಗೇ ಗೊತ್ತಿಲ್ಲ" ಅನ್ನುತ್ತಾರೆ ನಮ್ಮ ಯಜಮಾನರು.

ರಸ್ತೆ ಬದಿಯ ಊಟ

ಒಂದು ಮಧ್ಯಾಹ್ನ ನಾಯಿಗಳ ಶೆಡ್ಡಿನ ಮುಂದೆ ದೊಡ್ಡ ಪಾತ್ರೆಯಲ್ಲಿ ನುಚ್ಚು, ಕೋಳಿಕಾಲು, ಅರಿಶಿನ ಹಾಕಿ ಬೇಯಿಸುತ್ತಿದ್ದೆ. ಈರುಳ್ಳಿ ತುಂಬಿದ ಲಾರಿಯೊಂದು ಬಂದು ನಿಂತಿತು. ಡ್ರೈವರ್ ಇಳಿದು ಕೈ ತೊಳೆದುಕೊಂಡು ಕಲ್ಲಿನ ಮೇಲೆ ಕೂತ.

"ಅಕ್ಕ, ಒಂದು ಊಟ ಕೊಡಿ."

"ಇದು ನಾಯಿಗಳಿಗೆ ಕಣಪ್ಪ."

ಎದ್ದು ಬಂದು ಪಾತ್ರೆಯೊಳಗೆ ಇಣುಕಿದ. "ಉಪ್ಪು ಹಾಕಿದ್ದೀರಾ?"

"ನಾಯಿಗೆ ಉಪ್ಪು ಹಾಕಲ್ಲ."

"ಅಷ್ಟೇ ತಾನೆ? ಉಪ್ಪು ಲಾರೀಲದೆ, ತತ್ತೀನಿ ಇರಿ."

ದಾನಿಗಳು

ಆ ತಿಂಗಳು ಔಷಧಿ ಅಂಗಡಿಯವರು ಇನ್ನು ಸಾಲ ಕೊಡುವುದಿಲ್ಲ ಅಂದಿದ್ದರು. ಅಷ್ಟರಲ್ಲಿ ಯಾರೋ ಗಂಡಸರ ಫೋನು. "ಮೇಡಂ, ನಿಮ್ ಸೇವೆ ಕೇಳಿ ಕಣ್ಣಲ್ಲಿ ನೀರು ಬಂತು. ನಮ್ ಕಡೆಯಿಂದ ಏನಾರ ಕೊಡಬೇಕು ಅಂತ, ನಾಳೆ ಬತ್ತೀನಿ."

ಶೆಡ್ಡು ಗುಡಿಸಿದೆ. ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟೆ. ರಸ್ತೆಗೂ ಶೆಡ್ಡಿಗೂ ಓಡಾಡಿ ಓಡಾಡಿ ಕಾಲು ನೋಯಿತು. ಕೊನೆಗೂ ಕಾರು ಬಂತು. ಅವರು ದೊಡ್ಡ ಡಬ್ಬವೊಂದನ್ನು ನನ್ನ ಕೈಗಿಟ್ಟು, ನನಗೊಂದು ನಮಸ್ಕಾರ ಹಾಕಿ ಕಾರು ಹತ್ತಿದರು. ತೆರೆದರೆ ಒಳಗೆ ನಾಯಿಮರಿಗಳು. ಇನ್ನೂ ಕಣ್ಣು ಬಿಟ್ಟಿರಲಿಲ್ಲ.

ನಾನು ಕೂಗಿದ್ದಕ್ಕೆ ಕಾರಿನ ಗಾಜು ಇಳಿಸಿ ಹೇಳಿದರು: "ನಮ್ ಹೆಸರು ಎಲ್ಲೂ ಹಾಕ್ಬೇಡಿ ಮೇಡಂ. ನಂಗೆ ಪ್ರಚಾರ ಇಷ್ಟ ಇಲ್ಲ."

ಬಸ್ಸಿನಲ್ಲಿ

ನಮ್ಮ ಮುದಿ ನಾಯಿ ಕರಿಯ ಚಾಮರಾಜನಗರದ ಪಶು ಆಸ್ಪತ್ರೆಯಲ್ಲಿ ನನ್ನ ತೊಡೆಯ ಮೇಲೇ ಪ್ರಾಣ ಬಿಟ್ಟಿತು. ಹೊತ್ತು ತರಲಾಗಲಿಲ್ಲ. ಅಲ್ಲೇ ಮಣ್ಣು ಮಾಡಿ, ಖಾಲಿ ಬೆಲ್ಟು ಹಿಡಿದುಕೊಂಡು ಬಸ್ಸು ಹತ್ತಿದೆ. ಅಳು ನಿಲ್ಲಲಿಲ್ಲ.

ಪಕ್ಕದಲ್ಲಿದ್ದ ಅಜ್ಜಿ ಬೆನ್ನು ಸವರಿತು. "ಯಾರು ಹೋದ್ರವ್ವ?"

"ನಮ್ ಕರಿಯ ಕಣಜ್ಜಿ."

"ಅಯ್ಯೋ ಮಗ. ಏನ್ ಕೆಲಸ ಮಾಡ್ತಿದ್ದ?"

"ಏನಿಲ್ಲ. ತಿಂದು ಮಲಗೋದು. ನಾಯಿ ಅದು, ಅಜ್ಜಿ."

ಅಜ್ಜಿ ಕೈ ತೆಗೆಯಿತು. ಆಮೇಲೆ ಸೆರಗು ಬಾಯಿಗಿಟ್ಟು, ಎಂದೋ ಸತ್ತ ತನ್ನ ಎಮ್ಮೆ ನೆನೆದು ನನಗಿಂತ ಜೋರಾಗಿ ಅಳತೊಡಗಿತು. ಅಜ್ಜಿಯನ್ನು ಸಮಾಧಾನ ಮಾಡುವಷ್ಟರಲ್ಲಿ ನನ್ನ ಸ್ಟಾಪು ದಾಟಿಹೋಗಿತ್ತು.

ಕಾವಲು

ಲಾರಿ ಬಡಿದು ಬಿದ್ದಿದ್ದ ಕೆಂಚಿ ಅನ್ನುವ ನಾಯಿಯನ್ನು ಬಾಯಿಗೆ ಅನ್ನ ಇಟ್ಟು ಉಳಿಸಿಕೊಂಡಿದ್ದೆ. ಚಾಮರಾಜನಗರದ ನಿವೃತ್ತ ಮೇಷ್ಟ್ರೊಬ್ಬರು ಮನೆ ಕಾವಲಿಗೆ ಬೇಕೆಂದು ಅದನ್ನು ಕರೆದುಕೊಂಡು ಹೋದರು. "ಸ್ವಲ್ಪ ದಿನ ಈ ಕಡೆ ಬರಬೇಡಿ ಕಣಮ್ಮ. ನಿಮ್ಮನ್ನ ಮರೀಲಿ" ಅಂದರು.

ಅದು ಮರೆಯಿತೋ ಇಲ್ಲವೋ, ನನಗಂತೂ ಆಗಲಿಲ್ಲ. ಬ್ಲೌಸಿಗೆ ಎರಡೂ ಎಡತೋಳು ಹೊಲಿದೆ. ಕೊನೆಗೆ ತಡೆಯಲಾರದೆ ಮಾಸ್ಕ್ ಹಾಕಿ, ತಲೆಗೆ ವೇಲು ಸುತ್ತಿ, ಬಸ್ಸು ಹತ್ತಿದೆ. ದೂರದಿಂದ ಒಂದು ಸಲ ನೋಡಿ ಬರುವುದು, ಅಷ್ಟೇ ಅಂದುಕೊಂಡಿದ್ದೆ.

ಅವರ ಗೇಟಿನ ಹೊರಗಿಂದ ಇಣುಕಿದ್ದೇ ತಡ, ಕೆಂಚಿ ಗೇಟಿಗೆ ಬಂದು ಸಂದಿಯಿಂದ ನನ್ನ ಕೈ ನೆಕ್ಕಿತು. ಕುಯ್ಯೋ ಅನ್ನುತ್ತ ನೆಲದಲ್ಲಿ ಉರುಳಾಡಿತು. ಒಳಗಿಂದ ಮೇಷ್ಟ್ರ ಹೆಂಡತಿ ನೋಡಿ, "ರೀ, ಯಾರೋ ಮುಖ ಮುಚ್ಕೊಂಡು ಗೇಟ್ ತಾವ ನಿಂತವ್ರೆ" ಅಂತ ಕೂಗಿದರು. ಅಕ್ಕಪಕ್ಕದವರು ಸುತ್ತುವರಿದರು. ಮೇಷ್ಟ್ರು ದೊಣ್ಣೆ ಹಿಡಿದು ಬಂದರು. ನನ್ನ ಕಡೆ ಅವರು ನೋಡಲೇ ಇಲ್ಲ. ನಾಯಿಯನ್ನು ತೋರಿಸಿ ನೆರೆಯವರಿಗೆ ಹೇಳಿದರು:

"ನೋಡ್ರಪ್ಪ, ಕಾವಲಿಗೆ ಅಂತ ತಂದೆ. ಕಳ್ಳಿ ಕೈ ನೆಕ್ತಾ ಕೂತದೆ. ಆ ಗುಂಡ್ಲುಪೇಟೆಯಮ್ಮ ನಂಗೆ ಮೋಸ ಮಾಡ್ಬುಟ್ಳು. ನಾಳೇನೆ ವಾಪಸ್ ಬುಟ್ಟು ಬತ್ತೀನಿ."

ನನ್ನ ಮಾನಕ್ಕಿಂತ ಕೆಂಚಿಯ ಮನೆ ದೊಡ್ಡದು ಅನ್ನಿಸಿತು. ಮಾಸ್ಕ್ ತೆಗೆದೆ.

ಮೇಷ್ಟ್ರು ನನ್ನ ಮುಖವನ್ನೇ ನೋಡಿದರು. ಆಮೇಲೆ ದೊಣ್ಣೆ ಗೋಡೆಗೆ ಒರಗಿಸಿ, ನಿರಾಳವಾಗಿ ಉಸಿರು ಬಿಟ್ಟು ಹೆಂಡತಿಯ ಕಡೆ ತಿರುಗಿದರು.

"ನಾಯಿ ಸರ್‍ಯಾಗೇ ಅದೆ ಕಣೆ. ಕೆಟ್ಟಿರೋದು ಕೊಟ್ಟೋರ ತಲೆ."