ಮಾವನ ಹನ್ನೊಂದು ದಿನ

ನನ್ನ ಸೋದರಮಾವನಿಗೆ ನೀವು ಅಪ್ಪಿತಪ್ಪಿಯೂ ನಿಮ್ಮ ಹುಟ್ಟಿದ ದಿನ ಹೇಳಬೇಡಿ. ಹೇಳಿದಿರೋ, ಕೆಟ್ಟಿರಿ! ಜಾತಕ ನೋಡುತ್ತಾರೆ ಅಂದುಕೊಂಡಿರಾ? ಛೆ, ಜಾತಕವೆಂದರೆ ಅವರಿಗೆ ಮೈಯೆಲ್ಲ ಉರಿ. ನೀವು ಹುಟ್ಟಿ ಇವತ್ತಿಗೆ ಎಷ್ಟು ದಿನವಾಯಿತೆಂದು ಲೆಕ್ಕ ಹಾಕಿ, ಆ ಸಂಖ್ಯೆ ಯಾವ ಯಾವುದರಿಂದ ಭಾಗವಾಗುತ್ತದೆಂದು ಬಿಡಿಸಿ ಕೈಗಿಡುತ್ತಾರೆ. ಒಳ್ಳೆಯ ಸಂಖ್ಯೆ, ಕೆಟ್ಟ ಸಂಖ್ಯೆ ಎಂಬುದಿಲ್ಲ, ಭಾಗ ಹೋಗುತ್ತದೋ ಇಲ್ಲವೋ ಅಷ್ಟೇ ಎನ್ನುವುದು ಗುಬ್ಬಿಯಲ್ಲಿ ಗಣಿತದ ಮೇಷ್ಟರಾಗಿ ನಿವೃತ್ತರಾದ ಈ ಮಹಾಶಯರ ಸಿದ್ಧಾಂತ. ಅತ್ತೆ ಮಾತ್ರ ತಾವು ಹುಟ್ಟಿದ ದಿನವನ್ನು ಇವತ್ತಿಗೂ ಬಾಯಿಬಿಟ್ಟಿಲ್ಲ.

ಚೇಳೂರಿನ ಒಂದು ಮದುವೆಯಲ್ಲಿ ಮಾವ ಊಟಕ್ಕೆ ಕೂತವರ ತಲೆ ಎಣಿಸಿದರು. ಇನ್ನೂರ ನಲವತ್ತೊಂದು. ಒಂದು ಮತ್ತು ತನ್ನನ್ನು ಬಿಟ್ಟು ಯಾವುದರಿಂದಲೂ ಭಾಗವಾಗದ ಅವಿಭಾಜ್ಯ ಸಂಖ್ಯೆ! ಇಷ್ಟು ಜನರನ್ನು ಸಮನಾದ ಸಾಲುಗಳಲ್ಲಿ ಕೂರಿಸಲು ಬ್ರಹ್ಮನಿಂದಲೂ ಆಗದೆಂದು ಬಡಿಸುವವನನ್ನು ತಡೆದು ವಿವರಿಸಿದರು. ಅವನು ಸಾಂಬಾರಿನ ಬಕೆಟ್ ಕೆಳಗಿಟ್ಟ.

"ನೀವೊಬ್ರು ಎದ್ದೋಗಿ ಸಾರ್, ಎಲ್ಲಾ ಸರಿಹೋಯ್ತದೆ."

ಮಾವ ಸಿಟ್ಟಾದರೇ? ಇಲ್ಲ! ಇನ್ನೂರ ನಲವತ್ತು ಎಷ್ಟೊಂದು ಬಗೆಯಲ್ಲಿ ಭಾಗವಾಗುತ್ತದಲ್ಲ ಎಂದು ಖುಷಿಯಾಗಿ, ಎಲೆ ಬಿಟ್ಟು ನಿಜವಾಗಿಯೂ ಎದ್ದುಹೋದರು.

ನಮ್ಮಪ್ಪನ ಸ್ಕೂಟರಿನ ನಂಬರು 7919. ಅವಿಭಾಜ್ಯಗಳ ಸಾಲಿನಲ್ಲಿ ಸರಿಯಾಗಿ ಸಾವಿರನೆಯದು! ಮಾವ ಅದಕ್ಕೆ ನಮಸ್ಕಾರ ಮಾಡದೆ ಹತ್ತುತ್ತಿರಲಿಲ್ಲ. ಅಪ್ಪ ಹೋದ ಮೇಲೆ ಕುಣಿಗಲ್ಲಿನಲ್ಲಿರುವ ನನ್ನ ಅಣ್ಣ ನನ್ನನ್ನು ಒಂದು ಮಾತೂ ಕೇಳದೆ ಅದನ್ನು ಗುಜರಿಗೆ ಹಾಕಿಬಿಟ್ಟ. ತುಮಕೂರಿನಲ್ಲಿದ್ದ ನಾನು ಅವತ್ತೇ ಮಾತು ಬಿಟ್ಟೆ. ಎರಡು ವರ್ಷ! ಅವನಿಲ್ಲದ ಹಬ್ಬಗಳೆಲ್ಲ ಸಪ್ಪೆಯಾದವು. ಆದರೂ ನಾನಾಗಿ ಫೋನು ಮಾಡಬಾರದೆಂಬ ಹಟ ಬಿಡಲಿಲ್ಲ.

ಹೋದ ತಿಂಗಳು ಮಾವನ ಫೋನು ಬಂತು. ಬರುವ ಭಾನುವಾರ ನನಗೆ 17,296 ದಿನ, ಅಣ್ಣನಿಗೆ 18,416 ದಿನ ತುಂಬುತ್ತದಂತೆ. ಇವೆರಡರಲ್ಲಿ ಒಂದನ್ನು ಸರಿಯಾಗಿ ಭಾಗಿಸುವ, ಅದಕ್ಕಿಂತ ಚಿಕ್ಕ ಸಂಖ್ಯೆಗಳನ್ನೆಲ್ಲ ಕೂಡಿದರೆ ಇನ್ನೊಂದು ಬರುತ್ತದೆ. ಆ ಇನ್ನೊಂದರವನ್ನು ಕೂಡಿದರೆ ಮೊದಲಿನದೇ! ಇಂಥ ಜೋಡಿಗೆ ಸ್ನೇಹ ಸಂಖ್ಯೆಗಳೆಂದು ಹೆಸರು.

"ಸೋಮವಾರ ಇಬ್ರಿಗೂ ಒಂದೊಂದ್ ದಿನ ಜಾಸ್ತಿ ಆಗ್ತದೆ ಕಣ್ಲಾ. ಆಮೇಲೆ ನೂರ್ ವರ್ಷ ಬದುಕಿದ್ರೂ ಇಂಥ ದಿನ ಬರಲ್ಲ. ಬಂದೋಗು."

ಭಾನುವಾರ ಗುಬ್ಬಿಗೆ ಹೋದರೆ ಅಣ್ಣ ಆಗಲೇ ಬಂದು ಕೂತಿದ್ದ. ಮಾವ ಕ್ಯಾಲೆಂಡರಿನ ಹಿಂಬದಿಯಲ್ಲಿ 18,416ನ್ನು ಭಾಗಿಸುವ ಒಂಬತ್ತು ಸಂಖ್ಯೆಗಳನ್ನು ಬರೆದು ನನ್ನ ಕೈಯಲ್ಲೇ ಕೂಡಿಸಿದರು. ಬಂದದ್ದು 17,296, ನಾನೇ! ಮೈ ಜುಮ್ಮೆಂದಿತು. ಅತ್ತೆ ತಟ್ಟೆ ಇಡ್ಲಿ ತಂದಿಟ್ಟರು. ನಾವಿಬ್ಬರೂ ಮೊದಲು ಚಟ್ನಿಯ ಖಾರದ ಬಗ್ಗೆ ಮಾತಾಡಿದೆವು, ಆಮೇಲೆ ಅಪ್ಪನ ಬಗ್ಗೆ. ಸಂಜೆಯವರೆಗೂ ಮಾತಾಡಿದೆವು.

ಮನೆಗೆ ಬಂದ ಮೇಲೆ ನನ್ನ ತಲೆಗೂ ಲೆಕ್ಕದ ಹುಳ ಹೊಕ್ಕಿತು. ಅಮ್ಮನ ಪೆಟ್ಟಿಗೆಯಲ್ಲಿದ್ದ ನಮ್ಮಿಬ್ಬರ ಜಾತಕ ತೆಗೆದು ಮೊಬೈಲಿನಲ್ಲಿ ನೋಡಿದೆ. ಅಣ್ಣ ನನಗಿಂತ 1,120 ದಿನಕ್ಕೆ ದೊಡ್ಡವನಾಗಿದ್ದರೆ ಮಾತ್ರ ಮಾವನ ಮಾತು ಸರಿ. ಬಂದದ್ದು 1,109! ಹನ್ನೊಂದು ದಿನ ಕಮ್ಮಿ. ಅಂಥ ಭಾನುವಾರ ನಮ್ಮ ಬಾಳಿನಲ್ಲಿ ಬರುವಂತೆಯೇ ಇರಲಿಲ್ಲ. ಮದುವೆಮನೆಯಲ್ಲಿ ಒಂದು ತಲೆಗಾಗಿ ಊಟ ಬಿಟ್ಟು ಎದ್ದ ಮಾವ, ನಮಗಾಗಿ ಬೇಕೆಂದೇ ಲೆಕ್ಕ ತಪ್ಪಿದ್ದರು. ನನಗೆ ಕಣ್ಣು ತುಂಬಿ ಬಂತು.

ತಡೆಯಲಾಗದೆ ಅಣ್ಣನಿಗೆ ಫೋನು ಮಾಡಿ, ಹನ್ನೊಂದು ದಿನ ತಪ್ಪಿದೆ ಎಂದೆ.

"ಗೊತ್ತು ಕಣೋ. ಮಾವ ಫೋನ್ ಮಾಡಿದ್ ದಿನಾನೇ ನೋಡ್ದೆ."

"ಮತ್ತೆ ಯಾಕ್ ಬಂದೆ?"

"ನೀನು ಬರ್ತೀಯ ಅಂದ್ರಲ್ಲ."