ತುಳಸಿಯ ಪಂಕ್ತಿಯಲ್ಲಿ ಯಕ್ಕಾ

ನಾನು ಯಾರ ಹಂಗಿನಲ್ಲೂ ಇಲ್ಲ ಎಂದು ಹೇಳಿಕೊಳ್ಳುವುದೆಂದರೆ ನನಗೆ ಬಹಳ ಇಷ್ಟ. ಅದಕ್ಕೇ ಇರಬೇಕು, ನಾನು ಮನಸೋತ ಗಿಡವೂ ಅಂಥದ್ದೇ. ಹೆಸರು ಜೈಂಟ್ ಡ್ಯಾಗರ್ ಯಕ್ಕಾ, ಹುಟ್ಟೂರು ಟೆಕ್ಸಸ್-ಮೆಕ್ಸಿಕೋ ಕಡೆಯ ಮರುಭೂಮಿ. ಅಲ್ಲಿ ಅದು ಎರಡು ಮಹಡಿಯ ಎತ್ತರಕ್ಕೂ ಬೆಳೆಯುತ್ತದಂತೆ. ಎಲೆ ಎಂದರೆ ಕತ್ತಿ, ತುದಿಯಲ್ಲಿ ಸೂಜಿ, ಅಂಚಿನಲ್ಲಿ ಹಳೇ ಗೋಣಿಚೀಲ ಬಿಚ್ಚಿಕೊಂಡ ಹಾಗೆ ಸುರುಳಿ ಸುರುಳಿ ನಾರು. ಒಣಗಿದ ಎಲೆಗಳನ್ನೂ ಉದುರಿಸದೆ ಲಂಗದ ಹಾಗೆ ಸೊಂಟಕ್ಕೆ ಸುತ್ತಿಕೊಂಡಿರುತ್ತದೆ. ತಿಂಗಳುಗಟ್ಟಲೆ ಮಳೆ ಬರದಿದ್ದರೂ ಯಾರನ್ನೂ ಏನೂ ಕೇಳುವುದಿಲ್ಲ. ಇದನ್ನೆಲ್ಲ ನನಗೆ ಯಾರೂ ಕಲಿಸಲಿಲ್ಲ. ಇಲ್ಲಿ ಅಮೆರಿಕದಲ್ಲಿ, ಪಾರ್ಸಿಪನಿ ಎಂಬ ಊರಿನ ನನ್ನ ಆಫೀಸಿನಲ್ಲಿ, ಕ್ಯಾಮೆರಾ ಆಫ್ ಮಾಡಿದ ಮೀಟಿಂಗುಗಳಲ್ಲಿ, ವೀಡಿಯೊ ನೋಡಿ ನಾನೇ ಕಲಿತದ್ದು.

ಮೊಣಕಾಲೆತ್ತರದ ಒಂದು ಮರಿ ಯಕ್ಕಾ ತಂದು, ನಾನಿರುವ ಮೆಟುಚೆನ್ ಊರಿನ ಮನೆಯ ಮುಂದಿನ ಪೋರ್ಚಿನಲ್ಲಿ ಇಟ್ಟೆ. ಮೇಲಿನ ಮಹಡಿಯಲ್ಲಿ ಬಾಡಿಗೆಗಿರುವುದು ನಾನು. ಕೆಳಗೆ ಮನೆಯ ಮಾಲೀಕರು, ಮಂಗಳೂರು ಕಡೆಯ ಅಂಕಲ್ ಮತ್ತು ಆಂಟಿ. ಮಳೆ ತಾಗದ ಜಾಗ ಎಂದರೆ ಪೋರ್ಚಿನ ಸೂರಿನಡಿ, ಆಂಟಿಯ ತುಳಸಿ ಕುಂಡದ ಪಕ್ಕ. ಮೊದಲ ವಾರವೇ ಅಂಕಲ್ ಕಾಲಿಗೆ ಸೂಜಿ ಚುಚ್ಚಿತು. ಗಿಡ ಇನ್ನು ಹೊರಗೆ ಎಂದು ನಾನು ಹೆದರಿಕೊಂಡೇ ಕೆಳಗಿಳಿದರೆ, ಆಂಟಿ ದೇವರ ದೀಪಕ್ಕೆಂದು ಹೊಸೆದಿಟ್ಟ ಹೂಬತ್ತಿಗಳನ್ನು ತಂದು ಒಂದೊಂದು ಎಲೆಯ ತುದಿಗೂ ಚುಚ್ಚುತ್ತಿದ್ದರು. ಜೂನ್ ತಿಂಗಳಲ್ಲಿ ಹಿಮ ಬಿದ್ದ ಹಾಗೆ ಕಾಣುತ್ತಿತ್ತು.

ಆದರೂ ಆಗಸ್ಟಿಗೆ ನನ್ನ ಯಕ್ಕಾ ಹಳದಿಯಾಯಿತು. ಬುಡ ಒತ್ತಿದರೆ ಮೆತ್ತಗೆ. ನಾನು ನೀರು ಹಾಕಿಯೇ ಇರಲಿಲ್ಲ! ಹೀಗೇ ಬಿಟ್ಟರೆ ಗಿಡ ಉಳಿಯುವುದಿಲ್ಲ ಎಂದು ವೀಡಿಯೊಗಳೆಲ್ಲ ಒಂದೇ ದನಿಯಲ್ಲಿ ಹೇಳಿದವು. ವರ್ಕ್ ಫ್ರಮ್ ಹೋಮ್ ಇದ್ದ ಒಂದು ಬೆಳಿಗ್ಗೆ ಕಿಟಕಿಯಿಂದ ನೋಡಿದರೆ, ಆಂಟಿ ತುಳಸಿಗೆ ಒಂದು ತಂಬಿಗೆ ನೀರು ಹಾಕಿ, ಎರಡನೇ ತಂಬಿಗೆಯನ್ನು ಯಕ್ಕಾದ ಬುಡಕ್ಕೆ ಸುರಿದು, ಅದಕ್ಕೂ ಕೈ ಮುಗಿಯುತ್ತಿದ್ದರು. ಓಡಿ ಕೆಳಗಿಳಿದೆ.

"ಆಂಟಿ, ದಿನಾ ನೀರು ಹಾಕ್ತಿದ್ದೀರಾ? ಡೆಸರ್ಟ್ ಪ್ಲಾಂಟ್ ಅದು, ಕೊಳೆತುಹೋಗುತ್ತೆ!"

"ಎಂತ ಮಾರಾಯ ನೀನು! ಇಬ್ಬರು ಪಕ್ಕ ಪಕ್ಕ ಕೂತಿರುವಾಗ ಒಬ್ಬರಿಗೆ ಬಡಿಸಿ ಒಬ್ಬರಿಗೆ ಬಿಡ್ಲಿಕ್ಕೆ ಆಗ್ತದಾ? ಪಂಕ್ತಿಭೇದ ಅಲ್ವಾ ಅದು?"

ಒಳಗಿನಿಂದ ಅಂಕಲ್ ಕೂಗಿದರು, "ಮೂವತ್ತು ವರ್ಷದಿಂದ ನಾನು ಸಾಕು ಸಾಕು ಹೇಳ್ತಿದ್ದೇನೆ, ಕೇಳುದಿಲ್ಲ. ಬಾಯಿಲ್ಲದ ಗಿಡ ಎಂತ ಹೇಳ್ತದೆ ಪಾಪ!"

ಆಂಟಿ ನಗಲಿಲ್ಲ. "ನಾನೇ ಕೊಂದೆನಾ ಅದನ್ನು?" ಎಂದು ಕೇಳಿದಾಗ ಅವರ ಮುಖ ನೋಡಲಾಗಲಿಲ್ಲ. ಅಂಕಲ್ ಕುಂಡ ಹಿಡಿದರು, ನಾನು ಗಿಡ ಎಳೆದೆ, ಆಂಟಿ ತರಕಾರಿ ಹೆಚ್ಚುವ ಚಾಕು ತಂದು ನಾನು ತೋರಿಸಿದ ಕೊಳೆತ ಬೇರುಗಳನ್ನೆಲ್ಲ ತಾವೇ ಕತ್ತರಿಸಿದರು. ಬೇರು ಒಣಗಿದ ಮೇಲೆ ಜಲ್ಲಿ ಬೆರೆಸಿದ ಮಣ್ಣಿನಲ್ಲಿ ನೆಟ್ಟು, ಕುಂಡವನ್ನು ಪೋರ್ಚಿನ ಆಚೆ ತುದಿಗೆ ಸರಿಸಿದೆವು. ಆಂಟಿ ಹೇಳಿದ ಪ್ರಕಾರ, ಅಷ್ಟು ದೂರವಾದರೆ ಅದು ಬೇರೆ ಪಂಕ್ತಿ.

ಸೆಪ್ಟೆಂಬರ್ ಮುಗಿಯುವ ಹೊತ್ತಿಗೆ ನಡುವಿನಿಂದ ಒಂದು ಹಸಿರು ಕತ್ತಿ ಎದ್ದಿತು. "ಬದುಕಿತು ಮಾರಾಯ!" ಎಂದು ಮೆಟ್ಟಿಲ ಕೆಳಗಿನಿಂದ ಕೂಗಿ ನನ್ನನ್ನು ಎಬ್ಬಿಸಿದ್ದೂ ಆಂಟಿಯೇ. ಆಮೇಲೆ ಒಂದು ಸಂಗತಿ ಓದಿದೆ. ಯಾರನ್ನೂ ಕೇಳದ ಈ ಯಕ್ಕಾ, ತನ್ನ ದೊಡ್ಡ ಬಿಳಿ ಹೂಗೊಂಚಲು ಕಾಯಿ ಕಟ್ಟಬೇಕಾದರೆ ಒಂದು ಪುಟ್ಟ ಪತಂಗಕ್ಕೆ ಕಾಯಬೇಕಂತೆ. ಆ ಪತಂಗ ಬಾರದಿದ್ದರೆ ಅಷ್ಟೆಲ್ಲ ಕತ್ತಿಯಿದ್ದೂ ಉಪಯೋಗವಿಲ್ಲ.

ಈಗ ತುಳಸಿಯ ಪಕ್ಕದ ಜಾಗ ಖಾಲಿ. ಅಲ್ಲಿ ಆಂಟಿ ಒಂದು ಕುರ್ಚಿ ಹಾಕಿಸಿದ್ದಾರೆ. ದಿನಾ ಬೆಳಿಗ್ಗೆ ತುಳಸಿಗೆ ನೀರಾದ ಮೇಲೆ, ಆ ಕುರ್ಚಿಯಲ್ಲಿ ಕೂತವರಿಗೆ ನೀರುದೋಸೆ, ಕಾಯಿಚಟ್ನಿ, ಸಾಕೆಂದ ಮೇಲೂ ಎರಡು. ಅತಿಯಾದರೆ ಕೊಳೆಯುತ್ತದೆ ಎಂದು ಅವರಿಗೆ ಪಾಠ ಹೇಳಿದವನು ನಾನೇ. ಪ್ಯಾಂಟಿನ ಗುಂಡಿ ಬಿಚ್ಚಿಕೊಂಡು, ತಟ್ಟೆ ಮುಂದೆ ಹಿಡಿದು ಕೂತಿರುವವನೂ ನಾನೇ.